ನೇರಳೆ ತಿನ್ನದ ತುಟಿ

ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರ ಕೈಗೆ ನಾನು ಮೊದಲು ಕೊಡುತ್ತಿದ್ದುದು ಒಂದು ಒದ್ದೆ ಅರಿವೆ. ಡಾಕ್ಟರು ನೋಡುವ ಮೊದಲು ಮಗುವಿನ ತುಟಿಯನ್ನೂ ಬೆರಳ ತುದಿಯನ್ನೂ ಒರೆಸಬೇಕು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ಆಸ್ಪತ್ರೆಯ ಯಾವ ನಿಯಮದಲ್ಲೂ ಇರಲಿಲ್ಲ. ಸ್ವಚ್ಛತೆಗೆ ಎಂದು ಎಲ್ಲರೂ ತಿಳಿದಿದ್ದರು. ಹಾಗೇ ತಿಳಿಯಲಿ ಎಂದು ನಾನೂ ಬಿಟ್ಟಿದ್ದೆ. ನಿಜವಾದ ಕಾರಣ ಬೇರೆ ಇದೆ. ಅದನ್ನು ಇಲ್ಲಿ ಹೇಳಲೇಬೇಕು, ಆದರೆ ಮೊದಲು ಕೆಲಸದ ಮಾತು.

ನನ್ನ ಹೆಸರು ಪದ್ಮಾವತಿ. ಖಾನಾಪುರ ತಾಲೂಕಿನ ಪಾರಿಶ್ವಾಡದ ಜೈನ ಒಕ್ಕಲುತನದ ಮನೆಯವಳು. ಓದಿದ್ದು ಆರನೇ ಇಯತ್ತೆ. ಮದುವೆಯಾಗಿ ಬೆಳಗಾವಿಗೆ ಬಂದೆ. ಯಜಮಾನರು ಉದ್ಯಮಬಾಗದ ಫೌಂಡ್ರಿಯಲ್ಲಿದ್ದರು. ನಾನು ಊರಿನ ಒಂದು ದೊಡ್ಡ ಆಸ್ಪತ್ರೆ ಸೇರಿ, ಮಕ್ಕಳ ಹೃದಯದ ವಾರ್ಡಿನಲ್ಲೇ ಇಪ್ಪತ್ತಾರು ವರ್ಷ ಮಾವಶಿಯಾಗಿ ದುಡಿದೆ. ನಮ್ಮ ಕಡೆ ಆಸ್ಪತ್ರೆಯ ಆಯಾಗಳನ್ನು ಮಾವಶಿ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಅದು ತಾಯಿಯ ಅಕ್ಕ ಅಥವಾ ತಂಗಿ ಎಂಬ ಮಾತು. ಕರೆಯುವವರು ಅದನ್ನು ಯೋಚಿಸಿ ಕರೆಯುವುದಿಲ್ಲ, ಆದರೆ ಕೂಸುಗಳು ಯೋಚಿಸಿದಂತೆಯೇ ತೋಳಿಗೆ ಬರುತ್ತವೆ.

ನಾನು ಮೊದಲು ಕೆಳಗಿನ ಹೆರಿಗೆ ವಾರ್ಡಿನಲ್ಲಿದ್ದೆ. ಮೇಲೆ ಮಕ್ಕಳ ಹೃದಯದ ವಿಭಾಗ ತೆರೆದಾಗ ಸುಶೀಲಾ ಸಿಸ್ಟರ್ ನನ್ನನ್ನು ಕರೆದರು. ಅವರು ನಮಗೆಲ್ಲ ಹಿರಿಯರು, ನಾಲಿಗೆ ಬಲು ಹರಿತ.

“ಪದ್ಮಾ, ನಿನ್ನ ಕೈಯಾಗ ಕೂಸು ಸುಮ್ಮನಾಗತಾವ. ನಾಳಿಂದ ಮ್ಯಾಲ ಬಾ.”

“ಸಿಸ್ಟರ್, ನನಗೇನೂ ಬರಂಗಿಲ್ರಿ ಅಲ್ಲಿ.”

“ಬರೂವರು ಮಸ್ತ ಮಂದಿ ಅದಾರ. ಸುಮ್ಮನ ಮಾಡೂವರು ಬೇಕಾಗ್ಯಾರ.”

ಅಲ್ಲಿ ಸುಮ್ಮನಾಗಿಸುವುದೇ ದೊಡ್ಡ ಕೆಲಸ. ಎಕೋ ಎಂಬ ಪರೀಕ್ಷೆಯಲ್ಲಿ ಮಗುವಿನ ಎದೆಗೆ ಅಂಟಿನಂಥದು ಹಚ್ಚಿ, ಅದರ ಮೇಲೆ ಸಣ್ಣ ಹಿಡಿಕೆಯೊಂದನ್ನು ಆಡಿಸುತ್ತಾರೆ. ಹೃದಯ ಬಡಿಯುವುದು ಪರದೆಯ ಮೇಲೆ ಕಾಣುತ್ತದೆ. ಕೂಸು ಅತ್ತು ಒದ್ದಾಡಿದರೆ ಏನೂ ಕಾಣುವುದಿಲ್ಲ. ನಿದ್ದೆಯ ಔಷಧ ಕುಡಿಸಿ ಮಲಗಿಸುತ್ತಿದ್ದೆವು. ಆ ಅಂಟು ಎಷ್ಟು ತಣ್ಣಗಿರುತ್ತಿತ್ತು ಎಂದರೆ, ತಾಸುಗಟ್ಟಲೆ ಹೆಗಲ ಮೇಲೆ ಹೊತ್ತು ತಿರುಗಿ ಮಲಗಿಸಿದ ಕೂಸು ಎದೆಗೆ ಅದು ತಾಗಿದ ಕೂಡಲೇ ಚಿಟ್ಟನೆ ಚೀರುತ್ತಿತ್ತು. ಒಂದು ದಿನ ನಾನು ಆ ಬಾಟಲಿಯನ್ನು ಬಗಲಲ್ಲಿ ಇಟ್ಟುಕೊಂಡೇ ಕೂಸನ್ನು ತಟ್ಟಿದೆ. ಅವತ್ತು ಯಾವ ಕೂಸೂ ಏಳಲಿಲ್ಲ. ನಮ್ಮ ದೊಡ್ಡ ಡಾಕ್ಟರು ದೇಸಾಯಿಯವರಿಗೆ ಆಶ್ಚರ್ಯವಾಯಿತು.

“ಮಾವಶಿ, ಇವತ್ತ ಬಾಟ್ಲಿ ಬೆಚ್ಚಗ ಐತೆಲ್ಲಾ. ಎಲ್ಲಿಟ್ಟಿದ್ದಿ?”

“ಕೇಳಬ್ಯಾಡ್ರಿ ಸಾಹೇಬ್ರ. ಕೇಳಿದ್ರ ನೀವು ಮುಟ್ಟಂಗಿಲ್ಲ.”

ಮುಂದಿನ ವಾರ ಬಿಸಿನೀರಿನ ಪಾತ್ರೆ ಬಂತು. ಹೊಸದಾಗಿ ಕೆಲಸಕ್ಕೆ ಬಂದ ನಿಮಗೆ ಈಗ ಆ ಪಾತ್ರೆ ಇದೆ. ಅದರಲ್ಲಿ ಬಾಟಲಿ ಇಡುವುದನ್ನು ಮರೆಯಬೇಡಿ.

ಇನ್ನೊಂದು ಕೆಲಸ ಹಳದಿ ಗೆರೆಯದು. ಆಪರೇಶನ್ ಕೋಣೆಗೆ ಹೋಗುವ ದಾರಿಯಲ್ಲಿ ನೆಲದ ಮೇಲೆ ಒಂದು ಹಳದಿ ಗೆರೆ ಇದೆ. ತಾಯಿತಂದೆ ಅಲ್ಲಿಯವರೆಗೆ ಬರಬಹುದು. ಆಮೇಲಿನ ಇಪ್ಪತ್ತು ಹೆಜ್ಜೆ ನಮ್ಮದು. ಆ ಗೆರೆಯ ಮೇಲೆ ಮಗುವನ್ನು ತೆಗೆದುಕೊಳ್ಳುವಾಗ ಕಸಿದುಕೊಳ್ಳಬಾರದು, ತಾಯಿ ಕೊಡುವವರೆಗೆ ನಿಲ್ಲಬೇಕು. ಒಳಗೆ ಅವಸರ ಮಾಡುತ್ತಾರೆ, ಮಾಡಲಿ. ಉಡದಾರ, ತಾಯಿತ, ಕರಿ ಮಣಿ ಎಲ್ಲ ತೆಗೆಯಬೇಕಾಗುತ್ತದೆ. ಮೊದಲ ದಿನ ನಾನು ಒಂದು ಕೂಸಿನ ಉಡದಾರಕ್ಕೆ ಕತ್ತರಿ ಹಾಕಿದೆ. ಅದರ ತಾಯಿ ನೆಲಕ್ಕೆ ಕುಸಿದಳು. ಸುಶೀಲಾ ಸಿಸ್ಟರ್ ನನ್ನ ಕೈಯಿಂದ ಕತ್ತರಿ ಇಸಿದುಕೊಂಡು, “ಗಂಟು ಬಿಚ್ಚಾಕ ಎರಡು ನಿಮಿಷ ಸಾಕಲ್ಲಾ? ಬಿಚ್ಚಿದ್ದು ತಿರುಗಿ ಕಟ್ಟಾಕ ಬರತೈತಿ” ಎಂದರು. ಅಂದಿನಿಂದ ಬಿಚ್ಚಿದೆ. ಬಿಚ್ಚಿದ್ದನ್ನು ಚೀಟಿ ಹಚ್ಚಿ ತಾಯಿಯ ಕೈಗೆ ಕೊಟ್ಟು, “ನೀನ ಕಟ್ಟೂವಂತಿ, ಹಿಡಕೋ” ಎನ್ನುತ್ತಿದ್ದೆ. ಬಹಳಷ್ಟು ತಾಯಂದಿರು ಕಟ್ಟಿದರು. ಎಲ್ಲರೂ ಅಲ್ಲ.

ನಾನು ಮಾಡಿದ ದೊಡ್ಡ ತಪ್ಪೊಂದನ್ನು ಹೇಳುತ್ತೇನೆ. ನಾಲ್ಕು ವರ್ಷದ ಹುಡುಗಿ. ಆಪರೇಶನ್ನಿಗೆಂದು ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟಿದ್ದರು. ಮುಂಚಿನ ಕೇಸು ತಡವಾಗಿ ಇವಳ ಸರದಿ ಬರಲೇ ಇಲ್ಲ. ಅವಳು ಅತ್ತು ಅತ್ತು, ಕೊನೆಗೆ ಅಳುವುದನ್ನೂ ಬಿಟ್ಟು ನನ್ನ ಸೆರಗು ಚೀಪತೊಡಗಿದಳು. ನನ್ನ ಕೋಟಿನ ಕಿಸೆಯಲ್ಲಿ ಬಿಸ್ಕಿಟ್ ಇತ್ತು. ಅರ್ಧ ಮುರಿದು ಕೊಟ್ಟೆ. ಕೊಟ್ಟು ಐದು ನಿಮಿಷವಾಗಿರಲಿಲ್ಲ, ಒಳಗಿನಿಂದ ಕರೆ ಬಂತು.

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಸುಮ್ಮನೆ ಮುಗಿಸಿದ ಒಂದು ಸಂಗತಿ ನನ್ನ ಬಾಳಿನಲ್ಲಿ ಆಗಲೇ ಇತ್ತು. ಹಳದಿ ಗೆರೆಯ ಮೇಲೆ ನಿಂತು, ಎಲ್ಲರೆದುರು ಹೇಳಿಬಿಟ್ಟೆ. ಆಪರೇಶನ್ ಮರುದಿನಕ್ಕೆ ಹೋಯಿತು. ಸುಶೀಲಾ ಸಿಸ್ಟರ್ ಬೈದ ಬೈಗುಳ ಕೆಳಗಿನ ಮಾಳಿಗೆಗೂ ಕೇಳಿತಂತೆ. ಅರಿವಳಿಕೆಯ ಡಾಕ್ಟರು ಮಾತ್ರ ನನ್ನನ್ನು ಬದಿಗೆ ಕರೆದು, “ನೀ ಹೇಳಲಿಲ್ಲಂದ್ರ ಅದು ವಾಂತಿಯಾಗಿ ಫುಪ್ಪುಸಕ್ಕ ಇಳೀತಿತ್ತು. ತಪ್ಪ ಮಾಡೀದಿ, ಹೇಳೀದಿ. ಹೇಳಿದ್ದಕ್ಕ ಕೂಸು ಉಳೀತು” ಎಂದರು. ಮಕ್ಕಳನ್ನು ನೋಡುವ ನಮ್ಮ ಕೆಲಸದಲ್ಲಿ ತಪ್ಪಿಗಿಂತ ಮುಚ್ಚಿಟ್ಟ ತಪ್ಪು ಹೆಚ್ಚು ಕೆಡಿಸುತ್ತದೆ. ತಪ್ಪಾದ ಕೂಡಲೇ ಹೇಳಿಬಿಡಿ.

ಕಾಲ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲೆಲ್ಲ ಹೃದಯದಲ್ಲಿ ತೂತು ಎಂದರೆ ಎದೆ ತೆರೆಯಲೇಬೇಕಿತ್ತು. ಈಗ ಎಷ್ಟೋ ಮಕ್ಕಳಿಗೆ ತೊಡೆಯ ನರದಿಂದ ತಂತಿ ಬಿಟ್ಟು, ಸಣ್ಣ ಛತ್ರಿಯಂಥದನ್ನು ಅರಳಿಸಿ ತೂತು ಮುಚ್ಚುತ್ತಾರೆ. ಎರಡು ದಿನಕ್ಕೆ ಹುಡುಗ ಕಾರಿಡಾರಿನಲ್ಲಿ ಓಡುತ್ತಾನೆ, ಹಿಡಿಯಲು ನಾವು ಓಡಬೇಕು. ಹುಟ್ಟಿದ ಕೂಸಿನ ಕಾಲಿಗೆ ಪಟ್ಟಿ ಸುತ್ತಿ, ಕೆಂಪು ದೀಪ ಹಚ್ಚಿ, ರಕ್ತದಲ್ಲಿ ಪ್ರಾಣವಾಯು ಎಷ್ಟಿದೆ ಎಂದು ಮನೆಗೆ ಹೋಗುವ ಮೊದಲೇ ನೋಡುತ್ತಾರೆ. ಎಂಟು ತಿಂಗಳ ಕೂಸಾಗಿ ಬಂದವಳು ಹದಿನಾರು ವರ್ಷದವಳಾಗಿ ತಪಾಸಣೆಗೆ ಬಂದು, “ಮಾವಶಿ, ಈ ಗಾಯದ ಗುರ್ತ ಕಾಣದಂಗ ಬ್ಲೌಜ್ ಹೆಂಗ ಹೊಲಸೂದ?” ಎಂದು ಕೇಳಿದ್ದಾಳೆ. “ಕಾಣಲಿ ಬಿಡs. ಗೆದ್ದ ಗುರ್ತ ಅದು” ಎಂದೆ. “ನಿಮಗೇನ, ಲಗ್ನ ಆಗಿ ಕುಂತೀರಿ” ಎಂದಳು. ಟೇಲರನ ಹತ್ತಿರ ಜೊತೆಗೆ ಹೋದೆ.

ಬದಲಾಗದ್ದು ಒಂದೇ, ತಾಯಿಯ ಮೇಲೆ ತಪ್ಪು ಹೊರಿಸುವುದು. ಕೂಸಿನ ಹೃದಯದಲ್ಲಿ ದೋಷ ಎಂದ ಕೂಡಲೇ ಅತ್ತೆ ಕೇಳುವ ಮಾತು, ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಹೋಗಿದ್ದೆಯಾ ಎಂದು. ಒಮ್ಮೆ ಖಾನಾಪುರದ ಅಜ್ಜಿಯೊಬ್ಬಳು ಸೊಸೆಯನ್ನು ವಾರ್ಡಿನ ನಡುವೆಯೇ ಹಿಡಿದುಕೊಂಡಳು.

“ಬ್ಯಾಡ ಬ್ಯಾಡ ಅಂದ್ರೂ ಗ್ರಹಣದಾಗ ಬಟ್ಟಿ ಒಣ ಹಾಕಾಕ ಹ್ವಾದ್ಲರೀ ಈಕಿ. ಅನುಭವಿಸಾಕತ್ತೀವಿ.”

ನಾನೆಂದೆ, “ಆಯೀ, ನಾ ಬಸರಿದ್ದಾಗ ಗ್ರಹಣದಾಗ ಕೊಡಾ ಹೊತ್ತ ನೀರ ತಂದೀನಿ. ನನ್ನ ಮಗ ಈಗ ಫೌಂಡ್ರಿಯಾಗ ಕಬ್ಬಿಣ ಎತ್ತತಾನ. ನಿಮ್ಮ ಸೂರ್ಯಾಗ ನಮ್ಮ ಮನಿ ಕಂಡಿಲ್ಲೇನು?”

ವಾರ್ಡೆಲ್ಲ ನಕ್ಕಿತು. ಸೊಸೆಯೂ ಸೆರಗಿನ ಮರೆಯಲ್ಲಿ ನಕ್ಕಳು. ಆದರೆ ಆ ಮಾತನ್ನು ನಾನು ನನ್ನ ಅವ್ವನಿಗೆ ಹೇಳಿರಲಿಲ್ಲ. ಹೇಳಬೇಕಾದದ್ದು ಅವಳಿಗೇ.

ನನಗೆ ಶಾಂತಿನಾಥ ಎಂಬ ತಮ್ಮನಿದ್ದ. ನಾವು ಶಾಂತು ಎನ್ನುತ್ತಿದ್ದೆವು. ನನಗಿಂತ ನಾಲ್ಕು ವರ್ಷ ಚಿಕ್ಕವನು. ನಮ್ಮ ಮನೆ ಹೊಲದ ಕಡೆ, ಸಾಲೆ ದೂರ. ಅವನನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ಸ್ವಲ್ಪ ನಡೆಯುತ್ತಿದ್ದ, ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ಮತ್ತೆ ಎದ್ದು ನಡೆಯುತ್ತಿದ್ದ, ಮತ್ತೆ ಕೂರುತ್ತಿದ್ದ. ತಡವಾಗಿ ಹೋದದ್ದಕ್ಕೆ ಮಾಸ್ತರರ ಛಡಿ ನನಗೆ ಬೀಳುತ್ತಿತ್ತು. “ಏಳಲೇ ಮೈಗಳ್ಳಾ” ಎಂದು ಕಿವಿ ಹಿಡಿದು ಎಬ್ಬಿಸುತ್ತಿದ್ದೆ. ಅವನ ತುಟಿ, ಉಗುರು ಸದಾ ನೀಲಿ. ಹುಡುಗರು ನೀಲ್ಯಾ ಎಂದು ಕರೆಯುತ್ತಿದ್ದರು.

ಒಂದು ಮಳೆಗಾಲದ ಆರಂಭದಲ್ಲಿ ಸಾಲೆಗೆ ಡಾಕ್ಟರು ಬಂದರು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನೇರಳೆ ಹಣ್ಣಿನ ಕಾಲ ಅದು, ಎಲ್ಲರ ಬಾಯಿಯೂ ನೀಲಿ. ಡಾಕ್ಟರು ಶಾಂತುವಿನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. “ಯಾಕಪಾ, ತುಟಿ ಹಿಂಗ್ಯಾಕ ಆಗ್ಯಾವು?” ಎಂದು ಕೇಳಿದರು. ಹಿಂದಿನಿಂದ ಯಾರೋ ನೀಲ್ಯಾ ಎಂದರು. ನಗೆ ಶುರುವಾಯಿತು. ನೀಲ್ಯಾನ ಅಕ್ಕ ಎಂದು ನನ್ನನ್ನೂ ನೋಡಿ ನಕ್ಕರು. ಡಾಕ್ಟರು ಇನ್ನೂ ಕೇಳುತ್ತ ಹೋದರೆ ಈ ನಗೆ ನಿಲ್ಲುವುದಿಲ್ಲ ಎನಿಸಿತು.

“ನೇರಲಹಣ್ಣ ತಿಂದಾನ್ರಿ” ಎಂದುಬಿಟ್ಟೆ.

ಡಾಕ್ಟರು ನಕ್ಕು ಗದ್ದ ಬಿಟ್ಟರು. “ಮುಂದಿನಾಂವ ಬಾ” ಎಂದರು.

ಅವನು ಅವತ್ತು ಒಂದು ಹಣ್ಣೂ ತಿಂದಿರಲಿಲ್ಲ. ಗಿಡ ಹತ್ತಲು ಅವನಿಗಾಗುತ್ತಿರಲಿಲ್ಲ, ಸಾಲೆಯಲ್ಲಿ ಕೊಡುವವರು ಯಾರೂ ಇರಲಿಲ್ಲ. ಅದಾಗಿ ಎರಡನೇ ಚಳಿಗಾಲದಲ್ಲಿ, ಒಂದು ಮುಂಜಾನೆ ಉಸಿರು ಕಟ್ಟಿ ಹೋದ. ಅವನಿಗೆ ಒಂಬತ್ತು ವರ್ಷ. ನಾನು ಸಾಲೆ ಬಿಟ್ಟೆ. ಆಯಿ, ಅಂದರೆ ಅಪ್ಪನ ತಾಯಿ, ಗ್ರಹಣದ ಮಾತು ತೆಗೆದಳು. ಅವ್ವ ಬಸುರಿದ್ದಾಗ ಸೂರ್ಯಗ್ರಹಣದ ಹೊತ್ತಿಗೆ ಎಮ್ಮೆಗೆ ಹುಲ್ಲು ತರಲು ಹೋಗಿದ್ದಳಂತೆ. ಅಂದಿನಿಂದ ಪ್ರತಿ ಗ್ರಹಣಕ್ಕೂ ಅವ್ವ ಬಾಗಿಲು ಮುಚ್ಚಿ, ಹನಿ ನೀರೂ ಕುಡಿಯದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ನಾನು ನೋಡುತ್ತಿದ್ದೆ. ಹೇಳುತ್ತಿರಲಿಲ್ಲ.

ವಾರ್ಡಿಗೆ ಬಂದ ಎರಡನೇ ವರ್ಷ ದೇಸಾಯಿ ಡಾಕ್ಟರು ಕಲಿಯುವ ಹುಡುಗರಿಗೆ ಒಂದು ನೀಲಿ ಮಗುವನ್ನು ತೋರಿಸುತ್ತಿದ್ದರು.

“ಈ ಪೋರ ನಾಕ ಹೆಜ್ಜಿ ನಡದು ಕುಕ್ಕರಗಾಲಲೆ ಕುಂದರತಾನ, ನೋಡ್ರಿ. ಮೈಗಳ್ಳತನ ಅಲ್ಲ ಅದು. ಹಂಗ ಕುಂತರ ಫುಪ್ಪುಸಕ್ಕ ರಕ್ತ ಹೆಚ್ಚಿಗಿ ಹೋಗತೈತಿ. ಯಾರೂ ಹೇಳಿಕೊಡದs ತನ್ನ ಔಷಧ ತಾನs ಹುಡಿಕ್ಯಾನ.”

ನಾನು ಅರಿವೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಔಷಧದಿಂದಲೇ ನಾನು ಶಾಂತುವನ್ನು ಕಿವಿ ಹಿಡಿದು ಎಬ್ಬಿಸುತ್ತಿದ್ದೆ. ಒದ್ದೆ ಅರಿವೆಯನ್ನು ಕೈಗೆ ತೆಗೆದುಕೊಂಡದ್ದು ಅಂದಿನಿಂದ.

ನಿವೃತ್ತಿಗೆ ಒಂದು ವರ್ಷವಿದ್ದಾಗ ಖಾನಾಪುರ ತಾಲೂಕಿನ ಸಾಲೆಗಳಲ್ಲಿ ಮಕ್ಕಳ ಹೃದಯ ತಪಾಸಣೆಗೆ ಒಂದು ತಂಡ ಹೊರಟಿತು. ಅನಘಾ ಎಂಬ ಎಳೆಯ ಡಾಕ್ಟರು ಅದರ ಮುಖ್ಯಸ್ಥೆ. ಮಕ್ಕಳನ್ನು ಹಿಡಿಯಲು ನಾನು ಬೇಕೆಂದರು. ಮೂರನೇ ದಿನ ಪಾರಿಶ್ವಾಡ. ನನ್ನ ಸಾಲೆಗೆ ಈಗ ಹೊಸ ಕೋಣೆ, ಹೊಸ ಬಣ್ಣ. ಮಳೆಗಾಲದ ಆರಂಭ. ಮಕ್ಕಳ ಬಾಯಿ ಮಾತ್ರ ಹಳೆಯ ಬಣ್ಣದ್ದೇ.

“ಅಯ್ಯ, ಎಲ್ಲಾರೂ ಹೃದಯರೋಗಿಗಳs ಆಗ್ಯಾರಲ್ಲಾ!” ಎಂದು ಅನಘಾ ಡಾಕ್ಟರು ನಕ್ಕರು.

ನಾನು ಬಕೆಟ್ಟಿಗೆ ನೀರು ತುಂಬಿಸಿಕೊಂಡು ಸಾಲಿನ ಮೊದಲಿಗೆ ನಿಂತೆ. ಒಬ್ಬೊಬ್ಬರ ತುಟಿ, ಬೆರಳು ಒರೆಸಿ ಮುಂದೆ ಕಳಿಸಿದೆ. ಅರಿವೆ ನೀಲಿಯಾಯಿತು, ತುಟಿಗಳು ಕೆಂಪಾದವು. ಅಲ್ಫಿಯಾ ಎಂಬ ಏಳು ವರ್ಷದ ಹುಡುಗಿ ಬಂದಳು. ಒರೆಸಿದೆ. ಅರಿವೆಗೆ ಬಣ್ಣ ಹತ್ತಿತು, ತುಟಿಯ ಬಣ್ಣ ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ನಾಲಿಗೆ ಎತ್ತಿಸಿದೆ, ಅದರ ಕೆಳಗೂ ನೀಲಿ.

“ಡಾಕ್ಟರ್” ಎಂದು ಕರೆದೆ.

ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. ಬೆಳಗಾವಿಗೆ ಕರೆತಂದು ಎಕೋ ಮಾಡಿದರು. ಶಾಂತುವಿಗೆ ಇದ್ದಿರಬಹುದಾದ ರೋಗವೇ ಅದು. ಆಪರೇಶನ್ ದಿನ ಹಳದಿ ಗೆರೆಯಿಂದ ಅವಳನ್ನು ಒಯ್ದದ್ದು ನಾನೇ. ಅವಳ ಅಮ್ಮಿ ಕೊಡುವವರೆಗೆ ನಿಂತೆ. ಒಳಗೆ ಹೋಗುವಾಗ ಅಲ್ಫಿಯಾ ಕಿವಿಯಲ್ಲಿ, “ಮಾವಶಿ, ಎಚ್ಚರಾದ ಮ್ಯಾಲ ನಾನೂ ಓಡತೀನೇನ್ರಿ?” ಎಂದು ಕೇಳಿದಳು. “ಓಡಾಕs ಒಯ್ಯಾಕತ್ತೀನಿ” ಎಂದೆ.

ಹೊರಗೆ ಬಂದಾಗ ಅವಳ ಅಕ್ಕ ಜೋಯಾ ಗೋಡೆಗೆ ಒರಗಿ ಒಬ್ಬಳೇ ನಿಂತಿದ್ದಳು. ಹನ್ನೆರಡು ವರ್ಷದವಳು. ಎಲ್ಲರೂ ತಾಯಿತಂದೆಯ ಸುತ್ತ ಇದ್ದರು.

“ಮಾವಶಿ, ಸಾಲಿಗೆ ಹೊತ್ತಾಗತೈತಂತ ನಾ ಆಕೀನ್ನ ಎಳಕೊಂಡ ಓಡಿಸೀನ್ರಿ. ಆಕಿ ಕುಂತರ ಬಡದೀನ್ರಿ. ಅದಕs ಹಿಂಗಾತೇನ್ರಿ?”

“ಇಲ್ಲವ್ವಾ. ಹುಟ್ಟಿದಾಗಿಂದs ಇತ್ತು. ನಿನಗ ಯಾರ ಹೇಳಿದ್ರು, ಗೊತ್ತಾಗಾಕ? ನೀನೂ ಸಣ್ಣಾಕಿ.”

ಹೇಳಿ ಮುಗಿಸಿ ನಾನೂ ಅವಳ ಪಕ್ಕ ಗೋಡೆಗೆ ಒರಗಿ ನಿಂತುಬಿಟ್ಟೆ. ಆ ದಾರಿಯಲ್ಲಿ ಬಂದ ಅನಘಾ ಡಾಕ್ಟರು ಕೇಳಿಸಿಕೊಂಡರು. ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಅರಿವೆಯ ಕಾರಣವನ್ನು ಮೊದಲ ಬಾರಿ ಒಬ್ಬರಿಗೆ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. “ಆ ಕಾಲಕ್ಕ ಗೊತ್ತಾಗಿದ್ರೂ ಮುಂಬೈತನಕ ಹೋಗಬೇಕಿತ್ತು. ಉಳೀತಿದ್ದ ಅಂತ ನಾ ಹೇಳಂಗಿಲ್ಲ, ಉಳೀತಿದ್ದಿಲ್ಲ ಅಂತನೂ ಹೇಳಂಗಿಲ್ಲ. ಮಾವಶಿ, ನಿಮ್ಮ ಅವ್ವ ಅದಾರ?” ಎಂದರು. ಇದ್ದಾಳೆ, ನನ್ನ ಮನೆಯಲ್ಲೇ ಇದ್ದಾಳೆ ಎಂದೆ. “ಮತ್ತ ನನಗ ಯಾಕ ಹೇಳಾಕತ್ತೀರಿ?” ಎಂದರು.

ಅಲ್ಫಿಯಾ ಹನ್ನೊಂದನೇ ದಿನ ತುಟಿ ಕೆಂಪಾಗಿ ಮನೆಗೆ ಹೋದಳು. ನಿಮಗೆ ಇದೊಂದು ಮಾತು. ರೋಗಿ ಮಗುವಿನ ಜೊತೆ ಬಂದ ಅಕ್ಕ, ಅಣ್ಣ ಯಾವಾಗಲೂ ಗೋಡೆಯ ಪಕ್ಕ ಇರುತ್ತಾರೆ. ಅವರನ್ನು ಯಾರೂ ಮಾತಾಡಿಸುವುದಿಲ್ಲ. ನೀವು ಮಾತಾಡಿಸಿ.

ಅವ್ವನಿಗೆ ಹೇಳಲು ನನಗೆ ಇನ್ನೂ ಒಂದು ವರ್ಷ ಹಿಡಿಯಿತು. ನಿವೃತ್ತಿಯಾದ ಮೇಲೆ ಒಂದು ಸೂರ್ಯಗ್ರಹಣ ಬಂತು, ಮಧ್ಯಾಹ್ನದ ಮೇಲೆ. ಎಂಬತ್ತು ದಾಟಿದ ಅವ್ವ ಎಂದಿನಂತೆ ಬಾಗಿಲು ಹಾಕಿಸಿ, ಗೋಡೆಗೆ ಮುಖ ಮಾಡಿ ಕೂತಳು. ನಾನು ಪಕ್ಕದಲ್ಲಿ ಕೂತೆ.

“ಅವ್ವಾ, ಶಾಂತೂಂದು ಗ್ರಹಣದ್ದಲ್ಲ. ಗ್ರಹಣದಿಂದ ಹಂಗ ಆಗಂಗಿಲ್ಲ. ಡಾಕ್ಟರು ಅವತ್ತ ಸಾಲ್ಯಾಗ ಹಿಡೀತಿದ್ರು. ನಾ ಸುಳ್ಳ ಹೇಳಿ ತಪ್ಪಿಸಿದೆ.”

ಎಲ್ಲ ಹೇಳಿದೆ. ಕಿವಿ ಹಿಂಡಿದ್ದನ್ನೂ, ಅಲ್ಫಿಯಾಳ ತುಟಿ ಒರೆಸಿದ್ದನ್ನೂ ಹೇಳಿದೆ. ಅವ್ವ ಗೋಡೆಯಿಂದ ಮುಖ ತಿರುಗಿಸಲಿಲ್ಲ.

“ಗೊತ್ತೈತಿ” ಎಂದಳು.

“ಯಾರ ಹೇಳಿದ್ರು?”

“ಅವನs ಹೇಳಿದ. ಅವತ್ತ ಸಂಜಿಮುಂದ ಬಂದಾಂವನs ಕೈ ಚಾಚಿ ನಿಂತ. ‘ಅವ್ವಾ, ನಾ ನೇರಲಹಣ್ಣ ತಿಂದೀನಂತ ಅಕ್ಕ ಡಾಕ್ಟರಗ ಹೇಳ್ಯಾಳ. ನಾ ತಿಂದs ಇಲ್ಲ. ಕೊಡು’ ಅಂದ. ಬಾವಿ ಕಡೆ ಗಿಡದಾಗಿಂದ ಉಡಿ ತುಂಬ ತಂದ ಕೊಟ್ಟೆ. ಎಲ್ಲಾ ತಿಂದ. ‘ಅಕ್ಕ ಹೇಳಿದ್ದು ಈಗ ಖರೇ ಆತು’ ಅಂದು ನಿನಗ ತೋರಸಾಕ ಓಡಿದ. ಓಡಿದ ನೋಡs ಪದ್ಮಾ, ಹಿತ್ತಲತನಕ! ನನ್ನ ಮಗ ಓಡಿದ್ದ ನಾ ಅದೊಂದs ಸರ್ತಿ ಕಂಡೀನಿ.”

ಆ ಸಂಜೆ ನನಗೆ ನೆನಪಿತ್ತು. ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅವನು ಎದುರು ಬಂದು, ಏದುತ್ತ, ಮಾತಾಡಲು ಉಸಿರಿಲ್ಲದೆ ನೀಲಿ ನಾಲಿಗೆ ಚಾಚಿದ್ದ. ಅಣಕಿಸುತ್ತಾನೆ ಎಂದು ತಿಳಿದು ಒಂದು ಗುದ್ದಿದ್ದೆ. ಅವನು ಕುಕ್ಕರಗಾಲಿನಲ್ಲಿ ಕೂತು ನಗುತ್ತಲೇ ಇದ್ದ.

“ನಿನಗ ಗೊತ್ತಿದ್ದು ನನಗ್ಯಾಕ ಬೈಲಿಲ್ಲವ್ವಾ?”

“ನೀ ಸಣ್ಣಾಕಿ. ನಾ ಸಣ್ಣಾಕಿ ಇದ್ನೇನು? ಡಾಕ್ಟರು ಅವನ್ನ ಬಿಟ್ಟ ಮುಂದ ಹೋದ್ರಂತ ಕೇಳಿ ನನಗ ಎದಿ ಹಗರ ಆತು. ರೋಗ ಅಂತ ಗೊತ್ತಾದ್ರ ಮುಂಬೈಗೆ ಒಯ್ದ ಎದಿ ಕೊಯ್ತಾರಂತ ಅಂಜಿದ್ದೆ. ಅದನ್ನ ಯಾರ ಮುಂದ ಹೇಳಲಿ? ನಿಮ್ಮ ಆಯಿ ಗ್ರಹಣ ಅಂದ್ಲು. ಆತು, ಗ್ರಹಣs ಇರಲಿ ಅಂದೆ.”

ಆಮೇಲೆ ಅವ್ವ ಅಲ್ಫಿಯಾಳ ವಿಷಯ ಕೇಳಿದಳು. ಹುಡುಗಿ ಈಗ ಹೇಗಿದ್ದಾಳೆ, ಸಾಲೆಗೆ ನಡೆದೇ ಹೋಗುತ್ತಾಳಾ ಎಂದು. ಹೋದ ತಿಂಗಳು ತಪಾಸಣೆಗೆ ಬಂದಿದ್ದಳು, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಅಕ್ಕನ ಜೊತೆ ಪಂದ್ಯ ಕಟ್ಟಿ ಓಡಿ ಹತ್ತಿದಳಂತೆ ಎಂದೆ.

“ಯಾರ ಗೆದ್ರು?”

“ಅಲ್ಫಿಯಾ.”

“ಅಕ್ಕ ಸೋತಿರಬೇಕ ಬೇಕಂತs” ಎಂದು ಅವ್ವ ಮೊದಲ ಬಾರಿ ನನ್ನ ಕಡೆ ತಿರುಗಿದಳು. “ಗ್ರಹಣ ಬಿಡಾಕ ಇನ್ನೂ ಎಷ್ಟೊತ್ತೈತಿ?”

“ತಾಸಿನ ಮ್ಯಾಲ ಐತಿ.”

“ಇರಲಿ. ಚಾ ಇಡು.”

ಇಟ್ಟೆ. ನಾನು ಕಪ್ಪು ಹಿಡಿದು ಬರುವಷ್ಟರಲ್ಲಿ ಅವ್ವ ಗೋಡೆ ಹಿಡಿದು ಎದ್ದು, ಬಾಗಿಲ ಅಗಳಿಯನ್ನು ತಾನೇ ತೆಗೆದಿದ್ದಳು. ಹೊರಗೆ ಬಿಸಿಲು ಮಂಕಾಗಿತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಕೂತು ಇಬ್ಬರೂ ಚಹಾ ಕುಡಿದೆವು.